ಕಾರವಾರ ಕಡಲತೀರದ ಚಳಿಗಾಲದ ಬೆಳಗು: ಹಕ್ಕಿ ನೋಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನವೆಂಬರ್‌ನಿಂದ ಮಾರ್ಚ್‌ವರೆಗೆ ಹೆಚ್ಚಿನ ಭಾನುವಾರ ನಾನು ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಕೊರಳಿಗೆ ಬೈನಾಕ್ಯುಲರ್ ನೇತುಹಾಕಿಕೊಂಡು ನಿಂತಿರುತ್ತೇನೆ. ವಾಕಿಂಗ್‌ಗೆ ಬಂದವರು ನಿಲ್ಲುತ್ತಾರೆ, ನನ್ನನ್ನು ನೋಡುತ್ತಾರೆ, ಕಡಲನ್ನು ನೋಡುತ್ತಾರೆ, ಆಮೇಲೆ ಕೇಳುತ್ತಾರೆ. ಫೋನ್ ಮಾಡಿ ಕೇಳುವವರೂ ಇದ್ದಾರೆ. ಪ್ರಶ್ನೆಗಳು ಅವರ ಮಾತಿನಲ್ಲೇ ಇವೆ. ಉತ್ತರ ಮಾತ್ರ ನನ್ನದು.

## ಮೊದಲ ಸಲ ಬರುವವರಿಗೆ

ಕಾರವಾರದಲ್ಲಿ ಚಳಿ ಎಲ್ಲಿದೆ ಮಾರಾಯ್ರೆ? ಚಳಿಗಾಲದ ಹಕ್ಕಿ ಅಂದ್ರೇನು?

ನಮ್ಮಲ್ಲಿ ಜನವರಿ ಬೆಳಗ್ಗೆಯೂ ಒಂದು ಅರ್ಧ ತೋಳಿನ ಅಂಗಿ ಸಾಕು, ನಿಜ. ಆದರೆ ಟಿಬೆಟ್, ಮಧ್ಯ ಏಷ್ಯಾ, ಸೈಬೀರಿಯಾದ ಕಡೆ ಆ ಹೊತ್ತಿಗೆ ಕೆರೆಗಳೆಲ್ಲ ಹೆಪ್ಪುಗಟ್ಟಿರುತ್ತವೆ. ನೆಲ ಕಲ್ಲಾಗಿರುತ್ತದೆ. ಕೊಕ್ಕು ಚುಚ್ಚಿ ಹುಳ ತಿನ್ನುವ ಹಕ್ಕಿ ಅಲ್ಲಿ ಏನು ತಿಂದೀತು? ನಮ್ಮ ಮರಳು ವರ್ಷವಿಡೀ ಮೆತ್ತಗೆ, ಒದ್ದೆ, ಹುಳ ಏಡಿಗಳಿಂದ ತುಂಬಿದ್ದು. ಹಾಗಾಗಿ ಸೆಪ್ಟೆಂಬರ್‌ನಿಂದ ಒಂದೊಂದೇ ಗುಂಪು ಇಳಿಯಲು ಶುರು. ಏಪ್ರಿಲ್ ಹೊತ್ತಿಗೆ ವಾಪಸ್.

ಎಲ್ಲವೂ ಹೊರದೇಶದವೇ ಅಂದುಕೊಳ್ಳಬೇಡಿ. ನವರಂಗ ಹಕ್ಕಿ ಬರುವುದು ಹಿಮಾಲಯದ ತಪ್ಪಲು ಮತ್ತು ಮಧ್ಯ ಭಾರತದ ಕಾಡುಗಳಿಂದ. ಅದೂ ಚಳಿಗಾಲದ ಅತಿಥಿಯೇ.

ಎಷ್ಟು ಗಂಟೆಗೆ ಬರಬೇಕು? ಐದಕ್ಕೇ ಏಳಬೇಕಾ?

ಬೇಡ. ಡಿಸೆಂಬರ್ ನಡುವಿನಿಂದ ಜನವರಿ ಕೊನೆವರೆಗೆ ಇಲ್ಲಿ ಸೂರ್ಯ ಹುಟ್ಟುವುದೇ ಹೆಚ್ಚುಕಡಿಮೆ 6.50ರಿಂದ 7.05ರ ಒಳಗೆ. ಅದೂ ಊರಿನ ಬೆನ್ನಿಗೇ ಗುಡ್ಡ ಇರುವುದರಿಂದ ಬಿಸಿಲು ಮರಳಿಗೆ ಇಳಿಯಲು ಇನ್ನೂ ಸ್ವಲ್ಪ ಹೊತ್ತು ಬೇಕು. 6.45ಕ್ಕೆ ಬಂದು 9ಕ್ಕೆ ಹೊರಟರೆ ಸಾಕು. ಆಮೇಲೆ ಬನ್ಸ್ ಭಾಜಿ ತಿನ್ನಲು ಹೊತ್ತೂ ಸರಿಯಾಗುತ್ತದೆ.

ಪಡುಗಡಲಿನ ಊರಿನವರಿಗೆ ಬೆಳಗ್ಗೆ ಒಂದು ದೊಡ್ಡ ಅನುಕೂಲ ಇದೆ. ಬೆಳಕು ನಮ್ಮ ಬೆನ್ನ ಹಿಂದಿನಿಂದ ಬರುತ್ತದೆ. ಕಡಲ ಕಡೆ ಮುಖ ಮಾಡಿದರೆ ಹಕ್ಕಿಯ ಕಾಲಿನ ಬಣ್ಣ, ಕಣ್ಣಿನ ಬಣ್ಣ ಎಲ್ಲ ತೊಳೆದಿಟ್ಟ ಹಾಗೆ ಕಾಣುತ್ತದೆ. ಸಂಜೆ ಅದೇ ಜಾಗದಲ್ಲಿ ನಿಂತರೆ ಎಲ್ಲ ಹಕ್ಕಿಯೂ ಕರಿ ನೆರಳು. ಇನ್ನೊಂದು, ಬೆಳಗ್ಗೆ ಗಾಳಿ ಗುಡ್ಡದಿಂದ ಕಡಲಿಗೆ ಬೀಸುತ್ತದೆ, ನೀರು ಎಣ್ಣೆ ಹಾಕಿದ ಹಾಗೆ ಮಟ್ಟಸವಾಗಿರುತ್ತದೆ. ಬಿಸಿಲೇರಿದ ಮೇಲೆ ಗಾಳಿ ತಿರುಗಿ ಕಡಲಿಂದ ಬರುತ್ತದೆ. ಆಗ ಅಲೆಯ ನಡುವೆ ಏನಿದ್ದರೂ ಕಾಣುವುದು ಕಷ್ಟ.

ಬೈನಾಕ್ಯುಲರ್ ಇಲ್ಲ, ಮೊಬೈಲ್ ಮಾತ್ರ ಇದೆ. ಬಂದ್ರೆ ಏನಾದ್ರೂ ಕಾಣ್ತದಾ?

ಕಾಣುತ್ತದೆ. ಮೊದಲ ನಾಲ್ಕೈದು ವಾರ ಬರಿಗಣ್ಣಲ್ಲೇ ನೋಡಿ. ಕೊಳ್ಳುವುದಿದ್ದರೆ 8x42 ಅಂತ ಬರೆದದ್ದನ್ನು ಕೇಳಿ (ಎಂಟು ಪಟ್ಟು ದೊಡ್ಡದು ಮಾಡಿ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು). ಜಾಸ್ತಿ ದೊಡ್ಡದು ಮಾಡಿ ತೋರಿಸುವುದು ಬೇಡ, ಕೈ ನಡುಗಿದರೆ ಚಿತ್ರವೂ ಅಷ್ಟೇ ನಡುಗುತ್ತದೆ.

ಮಕ್ಕಳನ್ನ ಕರ್ಕೊಂಡು ಬರ್ಬಹುದಾ? ಹಕ್ಕಿ ನೋಡೋದು ಅವರಿಗೆ ಬೋರ್ ಆಗ್ತದೆ.

ಹಕ್ಕಿ ಬಿಡಿ, ಏಡಿ ತೋರಿಸಿ. ನೀರು ಇಳಿದ ಮರಳಿನ ಮೇಲೆ ಸಾಬೂದಾನಿಯಷ್ಟು ಸಣ್ಣ ಮರಳಿನ ಉಂಡೆಗಳು ಸಾಲುಸಾಲಾಗಿ, ಹೂವಿನ ಎಸಳಿನ ಹಾಗೆ ಹರಡಿರುವುದನ್ನು ನೀವು ತುಳಿದುಕೊಂಡೇ ಹೋಗಿರುತ್ತೀರಿ. ಅದು ಬೆರಳುಗುರಿನಷ್ಟು ಸಣ್ಣ ಏಡಿಯ ಕೆಲಸ. ಅದು ಮರಳನ್ನು ಬಾಯಿಗೆ ಹಾಕಿ, ಕಣಗಳಿಗೆ ಅಂಟಿದ ಆಹಾರವನ್ನು ನೆಕ್ಕಿ, ಉಳಿದ ಮರಳನ್ನು ಉಂಡೆ ಕಟ್ಟಿ ಹಿಂದೆ ತಳ್ಳುತ್ತದೆ. ನಡುವೆ ಒಂದು ತೂತು, ಅದರ ಮನೆ. ಹತ್ತು ಅಡಿ ದೂರದಲ್ಲಿ ಅಲ್ಲಾಡದೆ ಕುಳಿತರೆ ಎರಡು ನಿಮಿಷಕ್ಕೆ ಹೊರಗೆ ಬಂದು ಮತ್ತೆ ಕೆಲಸಕ್ಕೆ ಹತ್ತುತ್ತದೆ. ಮಕ್ಕಳು ಅಲ್ಲಾಡದೆ ಕೂರುವುದು ನಾನು ನೋಡಿದ್ದು ಇದೊಂದಕ್ಕೇ.

ಸ್ವಲ್ಪ ಮೇಲಿನ ಒಣ ಮರಳಿನಲ್ಲಿ ದೊಡ್ಡ ತೂತುಗಳು ಇರುತ್ತವೆ. ಅಲ್ಲಿ ಮರಳಿನ ಬಣ್ಣದ್ದೇ ಏಡಿ, ಕಡ್ಡಿಯ ತುದಿಗೆ ಸಿಕ್ಕಿಸಿದಂಥ ಕಣ್ಣು. ಅದರ ಓಟದ ಮುಂದೆ ಮಕ್ಕಳ ಓಟ ಏನೂ ಅಲ್ಲ.

ರಂಪಣಿ, ಅಂದರೆ ದಡದಲ್ಲಿ ನಿಂತು ಹಲವರು ಸೇರಿ ಎಳೆಯುವ ದೊಡ್ಡ ಬಲೆ, ಎಳೆಯುವ ದಿನವಾಗಿದ್ದರಂತೂ ಹಬ್ಬ. ಬಲೆ ದಡಕ್ಕೆ ಹತ್ತಿರ ಬಂದಷ್ಟೂ ಹದ್ದು, ಗರುಡ, ಸೀಗಲ್, ಬೆಳ್ಳಕ್ಕಿ ಎಲ್ಲ ಒಂದೇ ಕಡೆ. ಎಳೆಯುವವರಿಗೆ ಅಡ್ಡ ಬರದಂತೆ ನಿಂತರೆ ಸರಿ.

ಎಲ್ಲಿ ನಿಲ್ಲಬೇಕು? ಪಾರ್ಕಲ್ಲಾ, ಮರಳಲ್ಲಾ, ಕೋಡಿಬಾಗದಲ್ಲಾ?

ನನ್ನ ಕ್ರಮ ಹೀಗೆ. ಮೊದಲು ಹೆದ್ದಾರಿ ಪಕ್ಕದ ಉದ್ಯಾನ ಮತ್ತು ಗಾಳಿಮರಗಳ ನೆರಳು. ಗಿಡದ ಹಕ್ಕಿಗಳು ಬೆಳಕು ಹರಿದ ಮೊದಲ ಒಂದು ಗಂಟೆ ಬಾಯಿ ಮುಚ್ಚುವುದಿಲ್ಲ, ಆಮೇಲೆ ಎಲ್ಲಿ ಹೋದವೋ ಗೊತ್ತಾಗುವುದಿಲ್ಲ. ನಂತರ ಮರಳು. ಕೊನೆಗೆ ಕೋಡಿಬಾಗದ ಕಡೆ, ಕಾಳಿ ನದಿ ಕಡಲು ಸೇರುವಲ್ಲಿ. ಅಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಕೆಸರು, ಸಿಹಿನೀರು ಉಪ್ಪುನೀರು ಎಲ್ಲ ಕಲೆತಿರುವುದರಿಂದ ಹಕ್ಕಿಗಳ ಬಗೆಯೂ ಬೇರೆ. ಸೇತುವೆಯ ಮೇಲೆ ಮಾತ್ರ ಗಾಡಿ ನಿಲ್ಲಿಸಿ ನೋಡಬೇಡಿ. ಅದು ಹೆದ್ದಾರಿ, ಹಿಂದಿನಿಂದ ಬರುವ ಲಾರಿಯವನಿಗೆ ಮಿಂಚುಳ್ಳಿಯಲ್ಲಿ ಆಸಕ್ತಿ ಇರುವುದಿಲ್ಲ.

ಮೂರೂ ಕಡೆ ಒಂದೇ ದಿನ ಓಡಾಡುವುದಕ್ಕಿಂತ ಒಂದೇ ಕಡೆ ಅರ್ಧ ಗಂಟೆ ನಿಲ್ಲುವುದು ಮೇಲು. ನಡೆಯುವವರಿಗೆ ಹಾರಿಹೋಗುವ ಹಕ್ಕಿ ಕಾಣುತ್ತದೆ, ನಿಂತವರಿಗೆ ಬಂದು ಕೂರುವ ಹಕ್ಕಿ ಕಾಣುತ್ತದೆ.

## ಕಂಡದ್ದು ಏನು?

ಪಾರ್ಕಲ್ಲಿ ಕಾಗೆ, ಪಾರಿವಾಳ ಬಿಟ್ರೆ ಏನಿದೆ?

ತಲೆಗೆ ಜುಟ್ಟು, ಕೆನ್ನೆಗೆ ಕೆಂಪು ಬೊಟ್ಟು ಇದ್ದರೆ ಕೆಮ್ಮೀಸೆ ಪಿಕಳಾರ. ಕಪ್ಪು ಬಿಳುಪು ಮೈ, ಬಾಲ ಎತ್ತಿ ನಡೆದರೆ ಮಡಿವಾಳ. ದಾಸವಾಳದ ಹೂವಿಗೆ ನೇತು ಬಿದ್ದದ್ದು ಸೂರಕ್ಕಿ. ಹುಲ್ಲಿನ ಮೇಲೆ ಓಡಿ ಓಡಿ ನಿಂತು ಹಿಂಭಾಗ ಕುಣಿಸುವುದು ಕುಂಡೆಕುಸ್ಕ. ಹೆಸರಿಗೆ ಮಕ್ಕಳು ನಗುತ್ತಾರೆ, ಆದರೆ ಒಮ್ಮೆ ಕೇಳಿದವರು ಮರೆಯುವುದಿಲ್ಲ. ಹಳದಿ ಹೊಟ್ಟೆಯ ಕುಂಡೆಕುಸ್ಕಗಳು ಬಂದವೆಂದರೆ ಮಳೆಗಾಲ ಮುಗಿಯಿತು ಅಂತಲೇ ಲೆಕ್ಕ.

ನಾನು ಕಾಯುವುದು ನವರಂಗಕ್ಕೆ. ಗಾತ್ರ ಮೈನಾಕ್ಕಿಂತ ಚಿಕ್ಕದು, ಬಾಲ ಇದೆಯೋ ಇಲ್ಲವೋ ಎಂಬಷ್ಟು ಮೊಂಡು. ಬೆನ್ನು ಹಸಿರು, ರೆಕ್ಕೆಯಲ್ಲಿ ನೀಲಿ, ಹೊಟ್ಟೆಯ ಕೆಳಗೆ ಕೆಂಪು, ಕಣ್ಣಿಗೆ ದಪ್ಪ ಕಪ್ಪು ಪಟ್ಟಿ. ಇಷ್ಟು ಬಣ್ಣ ಇದ್ದೂ ತರಗೆಲೆಯ ಮೇಲೆ ಕುಪ್ಪಳಿಸುವಾಗ ಕಾಣುವುದೇ ಇಲ್ಲ. ಬೆಳಿಗ್ಗೆ ಆರರ ಸುಮಾರಿಗೆ, ಸಂಜೆ ಆರರ ಸುಮಾರಿಗೆ ಎರಡು ಸ್ವರದ ಸೀಟಿ ಹಾಕುತ್ತದೆ. ಅದನ್ನು ಕೇಳಿದ ದಿಕ್ಕಿನಲ್ಲಿ ನೆಲ ನೋಡಬೇಕು, ಮರ ಅಲ್ಲ. ಗುಡಿಸದೆ ಬಿಟ್ಟ ಎಲೆಯ ರಾಶಿ ಇರುವ ಮೂಲೆಯೇ ಅದಕ್ಕೆ ಬೇಕು. ಸ್ವಚ್ಛ ಮಾಡುತ್ತೇವೆ ಅಂತ ಎಲ್ಲ ಎಲೆಯನ್ನೂ ಗುಡಿಸಿ ಸುಟ್ಟರೆ ನವರಂಗಕ್ಕೆ ಊಟ ಇಲ್ಲ. ಇದು ನನ್ನ ಹಳೆಯ ತಕರಾರು.

ನೀರಿನ ಅಂಚಲ್ಲಿ ಸಾಲಾಗಿ ಕೂತ ಬಿಳಿ ಹಕ್ಕಿ ಪಾರಿವಾಳನಾ, ಕೊಕ್ಕರೆನಾ?

ಎರಡೂ ಅಲ್ಲ, ಸೀಗಲ್. ಬೆನ್ನು ಬೂದಿ, ಮೈ ಬಿಳಿ, ಕೊಕ್ಕು ಕಾಲು ಕೆಂಪು. ಅವುಗಳ ನಡುವೆಯೇ ಇನ್ನೂ ತೆಳ್ಳಗಿನ, ಬಾಲ ಕವಲೊಡೆದ, ಚೂಪು ಕೊಕ್ಕಿನ ಹಕ್ಕಿ ಇದ್ದರೆ ಅದು ರೀವ. ಹಾರುವಾಗ ಸುಲಭವಾಗಿ ಗೊತ್ತಾಗುತ್ತದೆ. ರೀವ ತಲೆ ಕೆಳಗೆ ಮಾಡಿ ನೋಡುತ್ತಾ ಹಾರಿ, ಬಾಣದ ಹಾಗೆ ನೀರಿಗೆ ಬೀಳುತ್ತದೆ. ಸೀಗಲ್‌ಗೆ ಅಷ್ಟು ಶ್ರಮ ಬೇಡ. ಮೀನುದೋಣಿಯ ಹಿಂದೆ ಹೋಗಿ ಎಸೆದದ್ದನ್ನು ಆರಿಸಿದರೆ ಆಯಿತು.

ಗರುಡ ಯಾವುದು, ಹದ್ದು ಯಾವುದು?

ಇಟ್ಟಿಗೆ ಕೆಂಪು ಮೈ, ಬಿಳಿ ತಲೆ ಎದೆ: ಗರುಡ. ಪೂರ್ತಿ ಕಂದು, ಬಾಲದ ತುದಿ ಕತ್ತರಿಸಿದ ಹಾಗೆ ಕವಲು: ಹದ್ದು. ಇವೆರಡಕ್ಕಿಂತ ಬಹಳ ದೊಡ್ಡದು, ಕೆಳಗಿನಿಂದ ಬೆಳ್ಳಗೆ, ರೆಕ್ಕೆಯ ಅಂಚು ಕಪ್ಪು, ರೆಕ್ಕೆಯನ್ನು ಇಂಗ್ಲಿಷಿನ 'ವಿ' ಅಕ್ಷರದ ಹಾಗೆ ಎತ್ತಿ ತೇಲುತ್ತಿದ್ದರೆ ಬಿಳಿ ಹೊಟ್ಟೆಯ ಕಡಲ ಹದ್ದು. ಇದು ವಲಸೆಯದಲ್ಲ, ನಮ್ಮದೇ ಕರಾವಳಿಯದು. ನೇತ್ರಾಣಿಯಂಥ ದ್ವೀಪಗಳಲ್ಲಿ, ದಡದ ಎತ್ತರದ ಮರಗಳಲ್ಲಿ ಗೂಡು ಕಟ್ಟುತ್ತದೆ. ಅದು ಬಂದಾಗ ನಾನು ನೋಡುವುದಕ್ಕೆ ಮೊದಲು ಕಾಗೆಗಳು ಹೇಳುತ್ತವೆ. ಅಷ್ಟು ಗಲಾಟೆ.

ಕಪ್ಪು ಬೆಳ್ಳಕ್ಕಿ ನೋಡಿದೆ ಅಂದ್ರೆ ಮನೇಲಿ ನಗ್ತಾರೆ. ಇರ್ತದಾ?

ಇರುತ್ತದೆ, ನೀವು ನಗಬಹುದು. ಕಡಲ ಬಂಡೆಗಳ ಮೇಲೆ ಸಿಗುವ ಒಂದು ಜಾತಿಯ ಬೆಳ್ಳಕ್ಕಿಯಲ್ಲಿ ಎರಡು ಬಣ್ಣ. ಕೆಲವು ಬಿಳಿ, ಕೆಲವು ಸ್ಲೇಟಿನ ಕಪ್ಪು. ಕಪ್ಪಿನದಕ್ಕೆ ಗಂಟಲಲ್ಲಿ ಬಿಳಿ ಮಚ್ಚೆ ಇರುತ್ತದೆ. ಆಳವಿಲ್ಲದ ನೀರಿನಲ್ಲಿ ರೆಕ್ಕೆ ಬಿಚ್ಚಿಕೊಂಡು ಕುಡಿದವನ ಹಾಗೆ ಅತ್ತಿತ್ತ ಓಡಿ ಮೀನು ಹಿಡಿಯುತ್ತದೆ.

ಚಕ್ರ ಕಟ್ಟಿದ ಹಾಗೆ ಓಡೋ ಸಣ್ಣ ಹಕ್ಕಿಗಳಿಗೆ ನಾಯಿ ಓಡಿಸಿದ್ರೆ ಏನಾಗ್ತದೆ? ಹಾರಿ ಮತ್ತೆ ಕೂರ್ತವಲ್ಲ?

ಕೂರುತ್ತವೆ. ಆದರೆ ಪ್ಲೋವರ್ ಎಂಬ ಆ ಹಕ್ಕಿಯ ಲೆಕ್ಕ ಬೇರೆ. ಅಂಗೈಯಷ್ಟು ದೇಹ, ಏಪ್ರಿಲ್‌ನಲ್ಲಿ ಹಿಮಾಲಯ ದಾಟಿ ಹೋಗುವ ಪಯಣ. ಅದಕ್ಕೆ ಬೇಕಾದ ಕೊಬ್ಬನ್ನು ಇಲ್ಲೇ, ನೀರು ಇಳಿದಿರುವ ಕೆಲವೇ ಗಂಟೆಗಳಲ್ಲಿ ತಿಂದು ಕೂಡಿಡಬೇಕು. ಹತ್ತು ಸಲ ಎಬ್ಬಿಸಿದರೆ ಹತ್ತು ಸಲದ ಊಟ ಹಾಳು, ಹಾರಾಟದ ಖರ್ಚು ಬೇರೆ. ಫೋಟೋ ಬೇಕಾದರೆ ಓಡಬೇಡಿ. ಅವು ಬರುವ ದಾರಿಯಲ್ಲಿ ಮೊದಲೇ ಹೋಗಿ ಮರಳಿನಲ್ಲಿ ಕುಳಿತುಬಿಡಿ. ತಾವಾಗಿ ಹತ್ತಿರ ಬರುತ್ತವೆ.

ಡಾಲ್ಫಿನ್, ನೀರುನಾಯಿ, ಆಮೆ ಇವೆಲ್ಲ ದಡದಿಂದಲೇ ಕಾಣ್ತವಾ?

ಡಾಲ್ಫಿನ್ ಅದೃಷ್ಟ ಇದ್ದರೆ. ನೀರು ಮಟ್ಟಸವಾಗಿರುವ ಬೆಳಗ್ಗೆ ಕಾಳಿಯ ಬಾಯಿಯ ಕಡೆ ಬೂದು ಬೆನ್ನು ಎದ್ದು ಮುಳುಗುವುದು ಕಾಣುತ್ತದೆ. ಬೆನ್ನ ಮೇಲೆ ಡುಬ್ಬ, ಅದರ ಮೇಲೆ ಚಿಕ್ಕ ರೆಕ್ಕೆ. ದಡದ ಹತ್ತಿರವೇ ಇರುವ ಜಾತಿ ಇದು. ಟಿವಿಯಲ್ಲಿ ತೋರಿಸುವ ಹಾಗೆ ಜಿಗಿಯುತ್ತದೆ ಅಂತ ಕಾಯಬೇಡಿ.

ನೀರುನಾಯಿ ಕಾಳಿಯಲ್ಲಿ ಇದೆ. ಆದರೆ ಪಾರ್ಕಿನ ಎದುರಿಗೆ ಬರುವ ಪ್ರಾಣಿ ಅಲ್ಲ, ನದಿಯ ಒಳಗೆ ಕಾಂಡ್ಲಾ ಇರುವ ಕಡೆ ಹುಡುಕಬೇಕು.

ಕಡಲಾಮೆ ಮೊಟ್ಟೆ ಇಡಲು ಬರುವುದು ರಾತ್ರಿ. ನಮಗೆ ಬೆಳಗ್ಗೆ ಸಿಗುವುದು ಜಾಡು ಮಾತ್ರ, ಸಣ್ಣ ಟ್ರ್ಯಾಕ್ಟರ್ ನೀರಿನಿಂದ ಎದ್ದು ಬಂದು ವಾಪಸ್ ಹೋದ ಹಾಗೆ. ಕಂಡರೆ ಅಳಿಸಬೇಡಿ, ಅಗೆಯಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಒಂದು ಗೂಡಿನಲ್ಲಿ ಸುಮಾರು ನೂರು ಮೊಟ್ಟೆ, ಮರಿ ಹೊರಬರಲು 45ರಿಂದ 60 ದಿನ. ಮರಿ ಗಂಡೋ ಹೆಣ್ಣೋ ಎಂಬುದನ್ನು ಮರಳಿನ ಬಿಸಿ ನಿರ್ಧರಿಸುತ್ತದೆ. ಜಾಸ್ತಿ ಬಿಸಿ ಇದ್ದರೆ ಹೆಣ್ಣು.

## ಸ್ವಲ್ಪ ಅಭ್ಯಾಸ ಆದವರಿಗೆ

ಹೋದ ಭಾನುವಾರ ನೂರಾರು ಇದ್ವು, ಈ ಭಾನುವಾರ ಅದೇ ಹೊತ್ತಿಗೆ ಒಂದೂ ಇಲ್ಲ. ಯಾಕೆ?

ನೀವು ಗಡಿಯಾರ ನೋಡಿ ಬಂದಿರಿ, ಅವು ನೀರು ನೋಡಿ ಬರುತ್ತವೆ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಪ್ರತಿ ದಿನ ಅದು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಈ ಭಾನುವಾರ ಏಳೂವರೆಗೆ ಇಳಿತ ಇದ್ದರೆ ಮುಂದಿನ ಭಾನುವಾರ ಅದೇ ಹೊತ್ತಿಗೆ ಹೆಚ್ಚುಕಡಿಮೆ ಭರತ. ಅದರ ಮುಂದಿನ ಭಾನುವಾರ ಮತ್ತೆ ಇಳಿತ. ವಾರ ಬಿಟ್ಟು ವಾರ ಬಂದರೆ ಒಂದೇ ತರಹ ಕಾಣುತ್ತದೆ, ಪ್ರತಿ ವಾರ ಬಂದರೆ ಒಂದು ವಾರ ಜಾತ್ರೆ, ಒಂದು ವಾರ ಖಾಲಿ. ಇದು ಅರ್ಥವಾಗಲು ನನಗೆ ಒಂದು ಇಡೀ ಚಳಿಗಾಲ ಬೇಕಾಯಿತು. ಮೀನು ಮಾರುವ ಒಬ್ಬ ಅಜ್ಜಿ ಅರ್ಧ ನಿಮಿಷದಲ್ಲಿ ಹೇಳಿದಳು.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಕೆಸರು ಮರಳು ದೂರದವರೆಗೆ ತೆರೆದುಕೊಂಡು ಹಕ್ಕಿಗಳು ಚದುರಿಹೋಗುತ್ತವೆ. ನೋಡಲು ಒಳ್ಳೆಯ ಹೊತ್ತು ಇಳಿತದ ನಟ್ಟನಡು ಅಲ್ಲ, ನೀರು ಮತ್ತೆ ಏರಲು ಶುರುವಾದ ಮೇಲೆ. ಏರುವ ನೀರು ಹಕ್ಕಿಗಳನ್ನು ತಾನೇ ದಡದತ್ತ ತಳ್ಳಿಕೊಂಡು ಬರುತ್ತದೆ.

ಮೊಬೈಲಲ್ಲಿ ಕೂಗು ಹಾಕಿದ್ರೆ ನವರಂಗ ಬರ್ತದಂತೆ. ಹಾಕ್ಲಾ?

ಬೇಡ. ಮೊದಲು ನಾನೂ ಹಾಕಿದವನೇ. ಬೆಂಗಳೂರಿನಿಂದ ಬಂದ ನೆಂಟರಿಗೆ ತೋರಿಸಬೇಕಿತ್ತು. ಹತ್ತು ನಿಮಿಷ ಸೀಟಿ ಹಾಕಿಸಿದೆ. ಅದು ಬಂತು, ತನ್ನ ಜಾಗಕ್ಕೆ ಇನ್ನೊಬ್ಬ ನುಗ್ಗಿದ್ದಾನೆ ಅಂತ ಅತ್ತಿತ್ತ ಕುಪ್ಪಳಿಸಿ ಕೂಗಿ ಕೂಗಿ ಸುಸ್ತಾಯಿತು. ಒಂದು ಹುಳವನ್ನೂ ತಿನ್ನಲಿಲ್ಲ. ನೆಂಟರು ಖುಷಿ. ಮುಂದಿನ ಮೂರು ದಿನ ಆ ಮೂಲೆಯಲ್ಲಿ ಸೀಟಿಯೇ ಕೇಳಲಿಲ್ಲ.

ದೊಡ್ಡ ಲೆನ್ಸ್ ಹಿಡ್ಕೊಂಡು ನಿಂತ್ರೆ ಯಾರಾದ್ರೂ ಕೇಳ್ತಾರಾ?

ಕೇಳಬಹುದು, ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಊರಿನ ತೆಂಕಣಕ್ಕೆ ಅರ್ಗಾದಲ್ಲಿ ನೌಕಾನೆಲೆ ಇದೆ. ಆ ಕಡೆ, ಬಂದರಿನ ಕಡೆ ಲೆನ್ಸ್ ತಿರುಗಿಸಬೇಡಿ. ಡ್ರೋನ್ ಅಂತೂ ಮನೆಯಲ್ಲೇ ಇರಲಿ. ಬೀಚಿನಲ್ಲಿ ಚಾಪೆಲ್ ಯುದ್ಧನೌಕೆಯ ಮ್ಯೂಸಿಯಂ ಇದೆಯಲ್ಲ, ಯುದ್ಧನೌಕೆಯ ಫೋಟೋ ಬೇಕಾದವರಿಗೆ ಅದು ಸಾಕು.

ಕಾಲಲ್ಲಿ ಉಂಗುರ, ಬೆನ್ನಲ್ಲಿ ಯಂತ್ರ ಇರೋ ಹಕ್ಕಿ ಸಿಕ್ರೆ? ಗೂಢಚಾರಿಕೆ ಅಂತಾರಲ್ಲ?

ನೌಕಾನೆಲೆ ಇರುವ ಊರಿನಲ್ಲಿ ಅನುಮಾನ ಸಹಜ. ಆದರೆ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಲು ವಿಜ್ಞಾನಿಗಳು ಲೋಕದ ಎಲ್ಲೆಡೆ ಮಾಡುವ ಕೆಲಸ ಇದು. ಭಾರತದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಲವು ದಶಕಗಳಿಂದ ಹಕ್ಕಿಗಳಿಗೆ ಉಂಗುರ ತೊಡಿಸುತ್ತಿದೆ. ಉಂಗುರದಲ್ಲಿ ಸಂಸ್ಥೆಯ ಹೆಸರು, ಒಂದು ಸಂಖ್ಯೆ ಇರುತ್ತದೆ. ಬಣ್ಣದ ಉಂಗುರವಾದರೆ ಯಾವ ಕಾಲು, ಯಾವ ಬಣ್ಣ, ಮೇಲಿನದು ಯಾವುದು ಕೆಳಗಿನದು ಯಾವುದು ಎಂದು ಬರೆದುಕೊಳ್ಳಿ. ಹಾರಾಡುತ್ತಿರುವ ಹಕ್ಕಿಯನ್ನು ಹಿಡಿಯಲು ಹೋಗಬೇಡಿ. ಗಾಯಗೊಂಡು ಬಿದ್ದಿದ್ದರೆ ಅರಣ್ಯ ಇಲಾಖೆಯವರನ್ನು ಕರೆಯಿರಿ. ಯಂತ್ರವನ್ನು ಬಿಚ್ಚಿ ನೋಡುವ ಕುತೂಹಲ ಬೇಡ.

ಸೀಗಲ್‌ಗಳಲ್ಲಿ ಯಾವುದು ಯಾವುದು ಅಂತ ಹೇಗೆ ಗೊತ್ತಾಗ್ತದೆ? ನಂಗೆಲ್ಲ ಒಂದೇ ತರ.

ಎಲ್ಲರಿಗೂ ಹಾಗೇ. ನಮ್ಮ ದಡದಲ್ಲಿ ಮಧ್ಯಮ ಗಾತ್ರದವು ಎರಡು ಬಗೆ: ಕಂದುತಲೆಯದು, ಕರಿತಲೆಯದು. ಚಳಿಗಾಲದಲ್ಲಿ ಎರಡಕ್ಕೂ ತಲೆ ಬಿಳಿ, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಮಾತ್ರ. ಅಂದರೆ ಹೆಸರು ಹೇಳುವ ಗುರುತೇ ಇರುವುದಿಲ್ಲ! ಆಗ ಎರಡು ಜಾಗ ನೋಡಬೇಕು. ಬೆಳೆದ ಹಕ್ಕಿಯ ಕಣ್ಣು ಮಾಸಲು ಬಿಳಿಯಾಗಿದ್ದರೆ ಕಂದುತಲೆ, ಕಪ್ಪಗಿದ್ದರೆ ಕರಿತಲೆ. ಹಾರುವಾಗ ರೆಕ್ಕೆ ತುದಿಯ ಅಗಲವಾದ ಕಪ್ಪಿನೊಳಗೆ ಬಿಳಿ ಮಚ್ಚೆ ಕಂಡರೆ ಕಂದುತಲೆ. ರೆಕ್ಕೆಯ ಮುಂದಿನ ಅಂಚು ಉದ್ದಕ್ಕೂ ಬೆಳ್ಳಗೆ, ತುದಿಯಲ್ಲಿ ತೆಳು ಕಪ್ಪು ಗೆರೆ ಇದ್ದರೆ ಕರಿತಲೆ.

ಇವೆರಡಕ್ಕಿಂತ ಎದ್ದು ಕಾಣುವಷ್ಟು ದೊಡ್ಡದು, ಬೆನ್ನು ಗಾಢ ಬೂದು, ಹಳದಿ ಕೊಕ್ಕಿನಲ್ಲಿ ಕೆಂಪು ಬೊಟ್ಟು ಇದ್ದರೆ ಅದು ರಷ್ಯಾದ ಉತ್ತರ ತುದಿಯ ಕಡೆಯಿಂದ ಬಂದದ್ದು.

ಮರಿಗಳದ್ದು ಬೇರೆಯೇ ಕಥೆ. ಮೊದಲ ವರ್ಷದ ಸೀಗಲ್‌ಗೆ ರೆಕ್ಕೆಯಲ್ಲಿ ಕಂದು ಚುಕ್ಕೆ, ಬಾಲದ ತುದಿಗೆ ಕಪ್ಪು ಪಟ್ಟಿ. ಶುರುವಿನಲ್ಲಿ ನಾನು ಇಂಥದ್ದೊಂದನ್ನು ಹೊಸ ಜಾತಿ ಅಂತ ಐದಾರು ಜನರಿಗೆ ಕರೆದು ತೋರಿಸಿದ್ದೆ. ಅವರಲ್ಲಿ ಒಬ್ಬರು ಈಗಲೂ 'ಹೊಸ ಜಾತಿ ಬಂತಾ?' ಅಂತ ಕೇಳುತ್ತಾರೆ.

ಆಪ್‌ನಲ್ಲಿ ನಾನು ಹಾಕಿದ ಹಕ್ಕಿಯ ಹೆಸರೇ ಬದಲಾಗಿದೆ. ತಪ್ಪು ಹಾಕಿದ್ನಾ?

ಇಲ್ಲ, ಜಾತಿಯನ್ನೇ ಎರಡು ಮಾಡಿದ್ದಾರೆ. ಮರಳಿನ ಮೇಲೆ ಓಡುವ ಆ ಸಣ್ಣ ಹಕ್ಕಿಗಳಲ್ಲಿ ನಾವು ಲೆಸ್ಸರ್ ಸ್ಯಾಂಡ್ ಪ್ಲೋವರ್ ಅಂತ ಬರೆಯುತ್ತಿದ್ದದ್ದನ್ನು 2023ರಲ್ಲಿ ಇಬರ್ಡ್ (ಕಂಡ ಹಕ್ಕಿಗಳನ್ನು ದಾಖಲಿಸುವ ಆ ಆಪ್) ಪಟ್ಟಿಯಲ್ಲಿ ಟಿಬೆಟನ್, ಸೈಬೀರಿಯನ್ ಎಂದು ಬೇರೆ ಮಾಡಿದರು. ನಮ್ಮ ಪಡುವಣ ಕರಾವಳಿಯಲ್ಲಿ ಸಿಗುವುದು ಟಿಬೆಟನ್. ಹಕ್ಕಿ ಅದೇ, ವಿಳಾಸ ಸ್ಪಷ್ಟವಾಯಿತು ಅಷ್ಟೆ.

ಪಟ್ಟಿ ಹಾಕುವವರು ಸುಮ್ನೆ ಹೆಸರು ಬರೆದು ಬಿಡಬೇಡಿ, ಎಷ್ಟು ಇದ್ದವು ಅಂತಲೂ ಎಣಿಸಿ. ಫೆಬ್ರವರಿಯ ನಾಲ್ಕು ದಿನ ಲೋಕವಿಡೀ ಹಿತ್ತಲ ಹಕ್ಕಿ ಎಣಿಕೆ ನಡೆಯುತ್ತದೆ. ಹದಿನೈದು ನಿಮಿಷ ನಿಂತು ಎಣಿಸಿದರೂ ಲೆಕ್ಕಕ್ಕೆ ಸೇರುತ್ತದೆ.

ಕಾರವಾರ ನೋಡಿ ಆಯ್ತು. ಜಿಲ್ಲೆಯಲ್ಲಿ ಮುಂದೆ ಎಲ್ಲಿಗೆ?

'ನೋಡಿ ಆಯ್ತು' ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇರಲಿ. ಕೆಸರಿನ ಹಕ್ಕಿಗೆ ಕುಮಟಾ ಹತ್ತಿರದ ಅಘನಾಶಿನಿ ಅಳಿವೆ. 2024ರಲ್ಲಿ ಅದಕ್ಕೆ ರಾಮ್ಸರ್ ತಾಣ, ಅಂದರೆ ಜಾಗತಿಕ ಮಹತ್ವದ ಜೌಗುಭೂಮಿ, ಎಂಬ ಮನ್ನಣೆ ಸಿಕ್ಕಿತು. ಕಾಂಡ್ಲಾ ನಡುವೆ ನಡೆಯಬೇಕೆಂದರೆ ಹೊನ್ನಾವರದ ಶರಾವತಿ ದಡದ ಮರದ ಕಾಲುದಾರಿ. ಮಂಗಟ್ಟೆಗೆ (ಹಾರ್ನ್‌ಬಿಲ್) ದಾಂಡೇಲಿ. ಅಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ, ನದಿದಡದ ಅತ್ತಿಮರ ಹಣ್ಣಾಗಿದ್ದರೆ ಕುಳಿತಲ್ಲೇ ನೋಡಬಹುದು. ಕೆರೆ ಹಕ್ಕಿಗೆ ಮುಂಡಗೋಡದ ಅತ್ತಿವೇರಿ. ಶಿರಸಿ ಕಡೆಯ ಸೋಂದಾದ ಮುಂಡಿಗೆ ಕೆರೆಗೆ ಮಾತ್ರ ಚಳಿಗಾಲದಲ್ಲಿ ಹೋಗಿ ನಿರಾಸೆಯಾಗಬೇಡಿ. ಬೆಳ್ಳಕ್ಕಿಗಳು ಮುಂಡಿಗೆ ಪೊದೆಯಲ್ಲಿ ಗೂಡು ಕಟ್ಟುವುದು ಮಳೆಗಾಲದಲ್ಲಿ.

ಇವೆಲ್ಲ ವಾಪಸ್ ಹೋಗೋದು ಯಾವಾಗ? ಹೋಗೋದು ಕಾಣ್ತದಾ?

ಹೊರಡುವ ಕ್ಷಣ ಕಾಣುವುದು ಅಪರೂಪ, ತಯಾರಿ ಕಾಣುತ್ತದೆ. ಫೆಬ್ರವರಿ ಕೊನೆಯಿಂದ ಸೀಗಲ್‌ಗಳ ಕಣ್ಣಿನ ಹಿಂದಿನ ಚುಕ್ಕೆ ದಿನದಿನಕ್ಕೆ ಹರಡುತ್ತದೆ. ಮೊದಲು ಕೆನ್ನೆ, ಆಮೇಲೆ ನೆತ್ತಿ. ಮಾರ್ಚ್ ನಡುವಿಗೆ ಒಂದೇ ಸಾಲಿನಲ್ಲಿ ಬಿಳಿ ತಲೆ, ಮಸಿ ಬಳಿದ ತಲೆ, ಪೂರ್ತಿ ಮುಸುಕು ಹಾಕಿದ ತಲೆ ಎಲ್ಲ ಸಿಗುತ್ತವೆ. ಸಣ್ಣ ಪ್ಲೋವರ್‌ಗಳ ಎದೆಗೆ ಇಟ್ಟಿಗೆ ಬಣ್ಣ ಏರುತ್ತದೆ. ಈ ಹೊತ್ತಿಗೆ ಬಂದರೆ ಕಂದುತಲೆ ಕರಿತಲೆ ಗೊಂದಲ ಅರ್ಧ ಕಡಿಮೆ.

ಏಪ್ರಿಲ್‌ನ ಒಂದು ಬೆಳಗ್ಗೆ ಬಂದು ನೋಡಿದರೆ ಮರಳು ಖಾಲಿ, ಕಾಗೆ ಮಾತ್ರ. ಗೂಡು ಕಟ್ಟುವ ವಯಸ್ಸಾಗದ ಒಂದೆರಡು ಎಳೆಯ ಹಕ್ಕಿಗಳು ಕೆಲವು ವರ್ಷ ಹೋಗದೆ ಇಲ್ಲೇ ಉಳಿದುಬಿಡುತ್ತವೆ. ಜೂನ್‌ನಲ್ಲಿ ಕೊಡೆ ಹಿಡಿದು ನಿಂತು, ಬಾಲಕ್ಕೆ ಕಪ್ಪು ಪಟ್ಟಿ ಇರುವ ಒಂದೇ ಒಂದು ಸೀಗಲ್ ಮಳೆಗೆ ಬೆನ್ನು ಕೊಟ್ಟು ಕುಳಿತದ್ದನ್ನು ನಾನು ನೋಡಿದ್ದೇನೆ.